ವಸಾಹತು ಆಳ್ವಿಕೆ ಮುಗಿದ ಮೇಲೂ ಉಳಿದ ಏರ್ಪಾಡುಗಳು

ಪ್ರಶ್ನೆ: ಮಾನ್ಯರೆ, ನಾನು ಮದ್ದೂರು ತಾಲ್ಲೂಕಿನವನು, ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೇನೆ. ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನ ದಾಟಿದರೂ ನಮ್ಮ ಕೊರತೆಗಳಿಗೆಲ್ಲ ಬ್ರಿಟಿಷರನ್ನೇ ದೂರುವುದು ಎಷ್ಟು ಸರಿ? ಆಫ್ರಿಕದ ದೇಶಗಳೂ ಇದನ್ನೇ ಹೇಳುತ್ತವೆ. ಆದರೆ ದಕ್ಷಿಣ ಕೊರಿಯ, ಸಿಂಗಪುರಗಳೂ ವಸಾಹತುಗಳೇ ಆಗಿದ್ದವಲ್ಲವೆ? ಅದೂ ಅಲ್ಲದೆ ಮೈಸೂರು, ಮಂಡ್ಯಗಳನ್ನು ಆಳಿದವರು ಮಹಾರಾಜರು. ಹೀಗಿರುವಾಗ ವಸಾಹತುಶಾಹಿಯ ಪರಿಣಾಮವೆಂದು ನಮ್ಮ ಕಡೆ ನಿಜವಾಗಿ ಉಳಿದಿರುವುದಾದರೂ ಏನು?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗದಿಂದಲೇ ಆರಂಭಿಸುತ್ತೇನೆ. ಮಹಾರಾಜರ ಆಳ್ವಿಕೆಯಲ್ಲಿದ್ದುದರಿಂದ ಮೈಸೂರು ಸೀಮೆ ವಸಾಹತುಶಾಹಿಯ ಹೊಡೆತದಿಂದ ಪಾರಾಗಿತ್ತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ತರಗತಿಯಲ್ಲಿ ಈ ಮಾತನ್ನು ಮತ್ತೆ ಮತ್ತೆ ಕೇಳಿದ್ದೇನೆ. ನಾಲ್ವಡಿಯವರ ಕಾಲದ ಶಾಲೆ, ನಾಲೆ, ಕಾರ್ಖಾನೆಗಳ ಫಲವನ್ನು ಉಂಡ ಮನೆತನಗಳು ಹಾಗೆ ನಂಬುವುದು ಸಹಜವೇ. ಆದರೆ ಪರಕೀಯ ಆಳ್ವಿಕೆಯ ಪರಿಣಾಮವನ್ನು ಗದ್ದುಗೆಯ ಮೇಲೆ ಕುಳಿತವರು ಯಾರೆಂಬುದರಿಂದಾಗಲಿ, ಆಳಿದವರು ಹೊರಟುಹೋಗಿ ಎಷ್ಟು ವರ್ಷವಾಯಿತೆಂಬುದರಿಂದಾಗಲಿ ಅಳೆಯಲಾಗದು. ಅವರು ತಮ್ಮ ಅನುಕೂಲಕ್ಕೆಂದು ಮಾಡಿಟ್ಟ ಏರ್ಪಾಡು ಇನ್ನೂ ನಡೆಯುತ್ತಿದೆಯೇ, ನಡೆಯುತ್ತಿದ್ದರೆ ಈಗ ಅದನ್ನು ನಡೆಸುತ್ತಿರುವವರು ಯಾರು, ಅದರಿಂದ ಯಾರಿಗೆ ಲಾಭ ಎಂಬುದನ್ನು ಒಂದೊಂದಾಗಿ ವಿಚಾರಿಸಬೇಕು. ನನ್ನ ಉತ್ತರವೆಲ್ಲ ಈ ವಿಚಾರಣೆಯೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯು ಇನ್ನೂ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ತಂದಿತು. ಅದರೊಂದಿಗೇ ಆದ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು, ಎಂದರೆ ಮುಂದಿನ ಲೆಕ್ಕದಲ್ಲಿ 24.5 ಲಕ್ಷ ರೂಪಾಯಿಗಳನ್ನು, ಕಂಪನಿಯ ಸೈನ್ಯದ ವೆಚ್ಚಕ್ಕೆಂದು ಕಟ್ಟಬೇಕಾಯಿತು. ರಾಜ್ಯಕ್ಕೆ ಉಳಿಸಿಕೊಟ್ಟ ಸೀಮೆಯ ಅಂದಾಜು ಆದಾಯವೇ ಸುಮಾರು 13.7 ಲಕ್ಷ ವರಹವಾಗಿತ್ತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಕಪ್ಪದ ಭಾರ ಎಷ್ಟೆಂಬುದು ತಿಳಿಯುತ್ತದೆ. ಹಣ ಸಲ್ಲದೆ ಹೋದರೆ, ಆಡಳಿತ ಕೆಟ್ಟರೆ, ರಾಜ್ಯವನ್ನು ತಾನೇ ವಹಿಸಿಕೊಳ್ಳುವ ಹಕ್ಕನ್ನೂ ಕಂಪನಿ ಅದೇ ಒಪ್ಪಂದದಲ್ಲಿ ಇಟ್ಟುಕೊಂಡಿತ್ತು. ಮುಂದೆ ಹೆಚ್ಚು ಕಂದಾಯ ಎತ್ತಿಕೊಡುತ್ತೇನೆಂದು ಮಾತು ಕೊಟ್ಟ ಅಮಲ್ದಾರರ ಕೈಗೆ ರೈತರು ಸಿಕ್ಕಿದರು, 1830ರಲ್ಲಿ ಮಲೆನಾಡಿನ ನಗರ ಸೀಮೆಯಲ್ಲಿ ದಂಗೆ ಎದ್ದಿತು, 1831ರಲ್ಲಿ ಕಂಪನಿ ಆ ಹಕ್ಕನ್ನು ಚಲಾಯಿಸಿತು. ಅಲ್ಲಿಂದ ಐವತ್ತು ವರ್ಷ ಮೈಸೂರನ್ನು ಆಳಿದವರು ಬ್ರಿಟಿಷ್ ಕಮಿಷನರುಗಳು. 1876-78ರ ಮಹಾಕ್ಷಾಮ ಬಂದದ್ದೂ ಅವರ ಆಡಳಿತದಲ್ಲಿಯೇ; 1871ರ ಜನಗಣತಿಯಲ್ಲಿ 50.5 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ 41.8 ಲಕ್ಷಕ್ಕೆ ಇಳಿದಿತ್ತು. ಅದೇ 1881ರಲ್ಲಿ ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿಸುವಾಗ ಕಪ್ಪವನ್ನು 35 ಲಕ್ಷ ರೂಪಾಯಿಗೆ ಏರಿಸಲಾಯಿತು. ಬೊಕ್ಕಸ ಬರಿದಾಗಿದ್ದುದರಿಂದ ಹೆಚ್ಚಳದ ವಸೂಲಿಯನ್ನು ಕೆಲವು ವರ್ಷ ಮುಂದೂಡಿದರು, ಅಷ್ಟೇ. ಸ್ವಂತ ನಾಣ್ಯ ಟಂಕಿಸಬಾರದು, ಅಪ್ಪಣೆಯಿಲ್ಲದೆ ಹೊಸ ಕೋಟೆ ಕಟ್ಟಬಾರದು ಎಂಬ ಷರತ್ತುಗಳೂ ಜೊತೆಗಿದ್ದವು. ಕಪ್ಪ ಮತ್ತೆ 24.5 ಲಕ್ಷಕ್ಕೆ ಇಳಿದದ್ದು 1920ರ ದಶಕದ ಕೊನೆಯಲ್ಲಿ. ರಂಗಾಚಾರ್ಲು ಅವರಿಂದ ಮಿರ್ಜಾ ಇಸ್ಮಾಯಿಲ್‌ವರೆಗಿನ ದಿವಾನರು ಕಟ್ಟಿದ್ದೆಲ್ಲವೂ ಈ ಕಪ್ಪವನ್ನು ಸಲ್ಲಿಸಿ ಉಳಿದ ಹಣದಲ್ಲಿ ಕಟ್ಟಿದ್ದು. ಇದರಿಂದ ಅವರ ಹಿರಿಮೆ ಕುಗ್ಗುವುದಿಲ್ಲ, ಹೆಚ್ಚುತ್ತದೆ.

ಹಣದ ಲೆಕ್ಕ 1947ಕ್ಕೆ ಮುಗಿಯಿತು. ಮುಗಿಯದೆ ಉಳಿದದ್ದು ನೆಲದ ಮೇಲೆ ಕಾಣುವ ಬದಲಾವಣೆ. 1800ರಲ್ಲಿ ಮದರಾಸಿನಿಂದ ಮೈಸೂರು ಸೀಮೆಯ ಸರ್ವೇಕ್ಷಣೆಗೆ ಬಂದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣ ದ್ವೀಪದಲ್ಲಿ ಸುಮಾರು 1.5 ಲಕ್ಷ ಜನರಿದ್ದರೆಂದು ಅಂದಾಜು ಮಾಡಿದ್ದಾನೆ. ಅವನು ನೋಡಿದಾಗ ಉಳಿದಿದ್ದವರು ಸುಮಾರು 32,000. ದಂಡಿಗೆ ಹಿಡಿಸದ ಆ ಊರಿನ ಜ್ವರದಿಂದ ಬೇಸತ್ತು ಬ್ರಿಟಿಷರು 1809ರಲ್ಲಿ ತಮ್ಮ ಸೈನ್ಯವನ್ನು ಬೆಂಗಳೂರಿಗೆ ಸಾಗಿಸಿ ಅಲ್ಲಿ ದಂಡುಪ್ರದೇಶ ಕಟ್ಟಿದರು. 1831ರಲ್ಲಿ ಕಮಿಷನರ ಕಚೇರಿಗಳೂ ಅಲ್ಲಿಗೇ ಹೋದವು. 1864ರಲ್ಲಿ ಮದರಾಸಿನ ರೈಲು ಬಂದು ತಲುಪಿದ್ದು ಬೆಂಗಳೂರಿನ ದಂಡಿಗೆ. ಮೈಸೂರಿಗೆ ರೈಲು ಬರಲು 1880ರ ದಶಕವಾಯಿತು, ಅದೂ ಮೀಟರ್ ಗೇಜಿನ ಹಳಿಯ ಮೇಲೆ. ಮದರಾಸಿನ ಕಡೆಯಿಂದ ಬ್ರಾಡ್ ಗೇಜಿನಲ್ಲಿ ಬಂದ ಸರಕು ಬೆಂಗಳೂರಿನಲ್ಲಿ ಇಳಿದು ಇನ್ನೊಂದು ಗಾಡಿ ಹತ್ತಬೇಕಾಗಿತ್ತು. ಈ ಹಳಿ ಬದಲಾದದ್ದು 1990ರ ದಶಕದಲ್ಲಿ. 1901ರ ಜನಗಣತಿಯ ಹೊತ್ತಿಗೆ ಶ್ರೀರಂಗಪಟ್ಟಣದ ಜನಸಂಖ್ಯೆ ಒಂಬತ್ತು ಸಾವಿರವನ್ನೂ ಮುಟ್ಟಿರಲಿಲ್ಲ. ಇಂದು ನೌಕರಿಗೆಂದು ಮದ್ದೂರು, ಮಂಡ್ಯಗಳ ನಿಲ್ದಾಣಗಳಲ್ಲಿ ಬೆಳಗಿನ ರೈಲು ಹಿಡಿಯುವ ಸಾವಿರಾರು ಜನ ಯಾವ ದಿಕ್ಕಿಗೆ ಹೋಗುತ್ತಾರೆಂಬುದನ್ನು ನೀವು ನೋಡಿಯೇ ಇದ್ದೀರಿ. ಆ ದಿಕ್ಕನ್ನು ಗೊತ್ತು ಮಾಡಿದ್ದರಲ್ಲಿ 1809ರ ಆ ತೀರ್ಮಾನದ ಪಾಲು ದೊಡ್ಡದು. ಬೆಂಗಳೂರಿನ ಬೆಳವಣಿಗೆಗೆ ಆಮೇಲಿನ ಸರ್ಕಾರಗಳೂ ಕಾರಣವೆಂಬುದು ನಿಜ. ಆದರೆ ಅವು ಒಮ್ಮೆ ಹಾಕಿದ ಹಳಿಯ ಕೊನೆಯಲ್ಲಿಯೇ ಮತ್ತೆ ಮತ್ತೆ ಕಟ್ಟಿದವು.

ಇನ್ನು ಕಾವೇರಿ. ಮಂಡ್ಯದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಆದರೂ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ವಸಾಹತು ಕಾಲದ ಒಂದು ಕಾಗದ ಹೇಗೆ ಶತಮಾನ ದಾಟಿ ಬದುಕುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ರಾಜ್ಯ ಮರಳಿ ಬಂದ ಮೇಲೆ ಮೈಸೂರು ಸರ್ಕಾರ ಕೆರೆ, ಕಟ್ಟೆ, ನಾಲೆಗಳ ಕೆಲಸಕ್ಕೆ ಕೈಹಾಕಿದಾಗ ಕೆಳಗಿನ ಮದರಾಸ್ ಪ್ರಾಂತ್ಯ ಆಕ್ಷೇಪ ತೆಗೆಯಿತು. ಅದರ ಫಲವಾದ 1892ರ ಒಪ್ಪಂದದಂತೆ, ಅಲ್ಲಿ ಹೆಸರಿಸಿದ ನದಿಗಳಿಗೆ ಮೈಸೂರು ಹೊಸ ನೀರಾವರಿ ಕಾಮಗಾರಿ ಕೈಗೊಳ್ಳುವ ಮೊದಲು ಮದರಾಸಿನ ಒಪ್ಪಿಗೆ ಪಡೆಯಬೇಕಾಯಿತು. ಮದರಾಸ್ ನೇರವಾಗಿ ಬ್ರಿಟಿಷರದೇ ಪ್ರಾಂತ್ಯ. ಮೈಸೂರು ಅವರಿಗೆ ಕಪ್ಪ ಕೊಡುವ ಸಂಸ್ಥಾನ. ಇಬ್ಬರ ನಡುವಿನ ತಕರಾರನ್ನು ಕೊನೆಗೆ ಕೇಳಬೇಕಾದವರು ಭಾರತ ಸರ್ಕಾರ ಮತ್ತು ಲಂಡನ್ನಿನಲ್ಲಿದ್ದ ಭಾರತ ಸಚಿವರು. 1911ರಲ್ಲಿ ಕನ್ನಂಬಾಡಿಯ, ಎಂದರೆ ಇಂದಿನ ಕೃಷ್ಣರಾಜಸಾಗರದ, ಕೆಲಸ ಶುರುವಾದಾಗ ಮದರಾಸು ಒಪ್ಪಿದ್ದು ಸುಮಾರು 11 ಟಿಎಂಸಿಯ ಸಣ್ಣ ಕಟ್ಟೆಗೆ ಮಾತ್ರ. ಮೈಸೂರು ಮುಂದಿನ ಎತ್ತರವನ್ನು ಮನಸ್ಸಿನಲ್ಲಿಟ್ಟು ಅಗಲವಾದ ಅಡಿಪಾಯ ಹಾಕಿತು. ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶ ಗ್ರಿಫಿನ್ ಮಧ್ಯಸ್ಥರಾಗಿ 1914ರಲ್ಲಿ ಕೊಟ್ಟ ತೀರ್ಪು ಮೈಸೂರಿನ ಕಡೆಗಿತ್ತು, ಭಾರತ ಸರ್ಕಾರವೂ ಅದನ್ನು ಅಂಗೀಕರಿಸಿತು. ಮದರಾಸು ಲಂಡನ್ನಿಗೆ ಮೇಲ್ಮನವಿ ಹೋಯಿತು, ಅಲ್ಲಿ ಅದು ಮತ್ತೆ ತೆರೆಯಿತು. ಹೀಗೆ ಹುಟ್ಟಿದ್ದು 1924ರ ಫೆಬ್ರವರಿ 18ರ ಒಪ್ಪಂದ. ಕೃಷ್ಣರಾಜಸಾಗರಕ್ಕೆ 44.827 ಟಿಎಂಸಿ, ಮದರಾಸಿನ ಮೆಟ್ಟೂರು ಅಣೆಕಟ್ಟೆಗೆ 93.5 ಟಿಎಂಸಿ, ಕೃಷ್ಣರಾಜಸಾಗರದಡಿ ಹೊಸದಾಗಿ 1,25,000 ಎಕರೆ, ಮೆಟ್ಟೂರಿನಡಿ 3,01,000 ಎಕರೆ, ಐವತ್ತು ವರ್ಷದ ಮೇಲೆ ಕೆಲವು ಅಂಶಗಳ ಮರುಪರಿಶೀಲನೆ.

ಆ ಎಕರೆಗಳ ಲೆಕ್ಕ ಬರಿಯ ಅಂಕಿಯಲ್ಲ. ಮಂಡ್ಯದ ಸುತ್ತಣ ರಾಗಿ ಹೊಲಗಳಿಗೆ ಅಂದು ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದದ್ದು 1930ರ ದಶಕದಲ್ಲಿ; 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು; ಕಬ್ಬು, ಭತ್ತ, ಆಲೆಮನೆಗಳ ಇಂದಿನ ಮಂಡ್ಯ ರೂಪುಗೊಂಡದ್ದು ಆಮೇಲೆ. ಅಷ್ಟು ಹೊತ್ತಿಗೆ ಕೆಳಗಿನ ಡೆಲ್ಟಾದಲ್ಲಿ ಕಲ್ಲಣೆಯ ಕಾಲದಿಂದಲೂ ಇದ್ದ ನೀರಾವರಿ ವಿಸ್ತಾರವಾಗಿ ಬೆಳೆದಿತ್ತು, ಮೆಟ್ಟೂರು ಅದನ್ನು ಇನ್ನೂ ಬೆಳೆಸಿತು. 1990ರಲ್ಲಿ ಕಾವೇರಿ ಜಲವಿವಾದ ನ್ಯಾಯಮಂಡಳಿ ರಚನೆಯಾದಾಗ ಅದರ ಮುಂದಿದ್ದ ಮುಖ್ಯ ಲೆಕ್ಕವೇ ಹಳೆಯ ಒಪ್ಪಂದಗಳಡಿ ಯಾರ ಅಚ್ಚುಕಟ್ಟು ಎಷ್ಟು ಬೆಳೆದಿದೆ ಎಂಬುದು. 2007ರ ಅಂತಿಮ ತೀರ್ಪಿನಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270 ಟಿಎಂಸಿ ಬಂದಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು. ಬಲಾಬಲದ ಅಂತರದಲ್ಲಿ ಆದ ಒಪ್ಪಂದಗಳು ಅನ್ಯಾಯದವು ಎಂಬ ಕರ್ನಾಟಕದ ವಾದವನ್ನು ಕೋರ್ಟು ಒಪ್ಪಲಿಲ್ಲವೆಂಬುದನ್ನೂ, 1924ರ ಒಪ್ಪಂದ 1974ರಲ್ಲಿ ಕೊನೆಗೊಂಡಿತೆಂದು ಅದೇ ತೀರ್ಪು ಹೇಳಿತೆಂಬುದನ್ನೂ ಎರಡನ್ನೂ ಸೇರಿಸಿಯೇ ಓದಬೇಕು. ಕಾಗದದ ಅವಧಿ ಮುಗಿಯಿತು. ಆ ಕಾಗದದ ಆಧಾರದ ಮೇಲೆ ಬಿತ್ತಿದ ಹೊಲ, ಕಟ್ಟಿದ ಮನೆ, ಸಾಕಿದ ಸಂಸಾರ ಉಳಿದವು. ಅವುಗಳ ಅವಧಿಯನ್ನು ಯಾವ ನ್ಯಾಯಾಲಯವೂ ಮುಗಿಸಲಾರದು, ಮುಗಿಸಲೂ ಬಾರದು. ತಂಜಾವೂರಿನ ರೈತ ಈ ಕಥೆಯಲ್ಲಿ ನಮ್ಮ ರೈತನ ವೈರಿಯಲ್ಲ. ಇಬ್ಬರ ಪರವಾಗಿ ಸಹಿ ಹಾಕಿದವರನ್ನು ಇಬ್ಬರೂ ಆರಿಸಿ ಕಳಿಸಿರಲಿಲ್ಲ. ಬರಗಾಲದ ಪ್ರತಿ ವರ್ಷವೂ ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತು ಧರಣಿ ಮಾಡುವ ನಮ್ಮ ಜನ ಇದನ್ನು ತಿಳಿದಿರಬೇಕೆಂಬುದು ನನ್ನ ಬಲವಾದ ಆಸೆ.

ಇದೇ ಬಗೆಯ ಕಾಗದ ನೈಲ್ ನದಿಯ ಮೇಲೂ ಇದೆ. 1929ರಲ್ಲಿ ಈಜಿಪ್ಟ್ ಮತ್ತು ಬ್ರಿಟನ್ ಮಾಡಿಕೊಂಡ ಒಪ್ಪಂದದಲ್ಲಿ, ಸುಡಾನ್ ಹಾಗೂ ಪೂರ್ವ ಆಫ್ರಿಕದ ವಸಾಹತುಗಳ ಪರವಾಗಿ ಬ್ರಿಟನ್ನೇ ಮಾತು ಕೊಟ್ಟು, ಈಜಿಪ್ಟಿನ ಒಪ್ಪಿಗೆಯಿಲ್ಲದೆ ಮೇಲ್ಗಡೆ ನೀರಿಗೆ ಅಡ್ಡ ಕಟ್ಟುವಂತಿಲ್ಲವೆಂದು ನಿಗದಿ ಮಾಡಿತು. ಈಜಿಪ್ಟಿನ ಹತ್ತಿ ಲ್ಯಾಂಕಾಶೈರಿನ ಗಿರಣಿಗಳಿಗೆ ಬೇಕಾಗಿತ್ತು, ಸೂಯೆಜ್ ಕಾಲುವೆಯ ದಾರಿ ಸಾಮ್ರಾಜ್ಯಕ್ಕೆ ಬೇಕಾಗಿತ್ತು. 1961ರಲ್ಲಿ ಸ್ವತಂತ್ರವಾದ ಟಾಂಗನಿಕದ (ಇಂದಿನ ಟಾಂಜಾನಿಯದ) ನಾಯಕ ಜೂಲಿಯಸ್ ನೈರೇರೆ, ವಸಾಹತು ಸರ್ಕಾರ ನಮ್ಮ ಹೆಸರಿನಲ್ಲಿ ಮಾಡಿದ ಇಂಥ ಒಪ್ಪಂದ ಸ್ವತಂತ್ರ ದೇಶವನ್ನು ತಾನಾಗಿಯೇ ಕಟ್ಟಿಹಾಕುವುದಿಲ್ಲ ಎಂಬ ನಿಲುವು ತಳೆದರು. ಅಂತರರಾಷ್ಟ್ರೀಯ ಕಾನೂನಿನಲ್ಲಿ ಅದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅಷ್ಟರಲ್ಲಿ 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್‌ಗಳು ತಮ್ಮಿಬ್ಬರೊಳಗೇ ವರ್ಷಕ್ಕೆ 55.5 ಮತ್ತು 18.5 ಶತಕೋಟಿ ಘನ ಮೀಟರ್ ನೀರನ್ನು ಹಂಚಿಕೊಂಡಿದ್ದವು. ನೀರಿನ ಬಹುಪಾಲು ಹುಟ್ಟುವ ಇಥಿಯೋಪಿಯಕ್ಕೆ ಆ ಹಂಚಿಕೆಯಲ್ಲಿ ಪಾಲಿರಲಿಲ್ಲ. ಅದು 2011ರಲ್ಲಿ ನೀಲಿ ನೈಲ್‌ಗೆ ಅಡ್ಡಲಾಗಿ ಮಹಾ ಅಣೆಕಟ್ಟೆಯನ್ನು ಆರಂಭಿಸಿ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಿತು. ಈಜಿಪ್ಟಿನ ಆತಂಕ ಈಗಲೂ ತಣಿದಿಲ್ಲ. ನೈರೇರೆಯವರ ನಿಲುವು ನನಗೆ ಬಹಳ ಮೆಚ್ಚಿನದು, ಏಕೆಂದರೆ ಅವರು ಹಳೆಯ ಕಾಗದಗಳನ್ನು ಹರಿದು ಎಸೆಯಲಿಲ್ಲ. ಅವಧಿ ಕೊಟ್ಟು, ಆ ಅವಧಿಯೊಳಗೆ ಕುಳಿತು ಮಾತಾಡೋಣ, ಒಪ್ಪಿಗೆಯಾದದ್ದು ಉಳಿಯಲಿ ಎಂಬುದು ಅವರ ರೀತಿಯಾಗಿತ್ತು.

ಸಂಪತ್ತು ಹರಿದ ದಾರಿಯನ್ನು ನೋಡಲು ನೀವು ನಿಮ್ಮ ಜಿಲ್ಲೆಯನ್ನು ಬಿಟ್ಟು ಹೊರಗೆ ಹೋಗಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಆ ಕರೆಂಟು ಮೊದಲು ಹೋದದ್ದು ಮಂಡ್ಯಕ್ಕಲ್ಲ, ಮೈಸೂರಿಗಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು 147 ಕಿಲೋಮೀಟರು ತಂತಿ ಎಳೆದು, ಲಂಡನ್ನಿನ ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ ಅದರ ಮೇಲೆ. ಈ ವ್ಯವಹಾರದಲ್ಲಿ ಮೈಸೂರಿಗೆ ರಾಜಧನವೂ ವಿದ್ಯುತ್ತಿನ ಬಾಡಿಗೆಯೂ ಬಂದವು, ಅವು ರಾಜ್ಯದ ಎಷ್ಟೋ ಒಳ್ಳೆಯ ಕೆಲಸಗಳಿಗೆ ಆಧಾರವಾದವು. ದಿವಾನ್ ಶೇಷಾದ್ರಿ ಅಯ್ಯರ್ ಅವರು ದೂರದೃಷ್ಟಿಯಿಂದಲೇ ಇದನ್ನು ಮಾಡಿದರು. ಆದರೆ ಚಿನ್ನ ಹೋದದ್ದು ಲಂಡನ್ನಿಗೆ, ಲಾಭಾಂಶ ಹೋದದ್ದು ಅಲ್ಲಿಯ ಷೇರುದಾರರಿಗೆ. 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬರುವ ಹೊತ್ತಿಗೆ ಒಳ್ಳೆಯ ಅದಿರಿನ ಬಹುಭಾಗವನ್ನು ತೆಗೆದಾಗಿತ್ತು. 2001ರಲ್ಲಿ ಗಣಿ ಮುಚ್ಚಿತು. ಅದಿರಿನ ಪುಡಿ ರಾಶಿಬಿದ್ದ ಸೈನೈಡ್ ದಿಬ್ಬಗಳು ಊರಿನ ನಡುವೆ ಇನ್ನೂ ನಿಂತಿವೆ.

ಘಾನಾ 1957ರ ಮಾರ್ಚ್ 6ರಂದು ಸ್ವತಂತ್ರವಾದಾಗ ಕ್ವಾಮೆ ಎನ್‌ಕ್ರುಮಾ ಕಂಡ ದೊಡ್ಡ ಕನಸು ವೋಲ್ಟಾ ನದಿಯ ಅಕೊಸೊಂಬೊ ಅಣೆಕಟ್ಟೆ. ಸುಮಾರು 80,000 ಜನರನ್ನು ಒಕ್ಕಲೆಬ್ಬಿಸಿ ಕಟ್ಟಿದ ಆ ಕಟ್ಟೆಯ ಕರೆಂಟಿನ ದೊಡ್ಡ ಪಾಲನ್ನು ಅಗ್ಗದ ದರಕ್ಕೆ ಪಡೆದದ್ದು ಅಮೆರಿಕದ ಕೈಸರ್ ಕಂಪನಿಯ ಹಿಡಿತದಲ್ಲಿದ್ದ ಅಲ್ಯೂಮಿನಿಯಂ ಕಾರ್ಖಾನೆ. ಘಾನಾದಲ್ಲಿಯೇ ಅಲ್ಯೂಮಿನಿಯಂ ಅದಿರಾದ ಬಾಕ್ಸೈಟ್ ಇದ್ದರೂ ಆ ಕಾರ್ಖಾನೆ ಹೊರಗಿನಿಂದ ಅಲ್ಯೂಮಿನ ತರಿಸಿ ಕರಗಿಸುತ್ತಿತ್ತು. ಆಗ ಆಳುತ್ತಿದ್ದವರು ಬ್ರಿಟಿಷರಲ್ಲ. ಆದರೆ ಕಟ್ಟೆಗೆ ಬೇಕಾದ ಸಾಲ, ಯಂತ್ರ, ಕೊಳ್ಳುವ ಗಿರಾಕಿ ಎಲ್ಲವೂ ಹೊರಗೇ ಇದ್ದುದರಿಂದ ಸ್ವತಂತ್ರ ಸರ್ಕಾರ ತನ್ನ ಕೈಯಾರೆ ಹಳೆಯ ಮಾದರಿಯ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಕೋಕೋದ ಕಥೆಯೂ ಇದೇ. ಜಗತ್ತಿನ ಅರ್ಧಕ್ಕೂ ಹೆಚ್ಚು ಕೋಕೋ ಬೆಳೆಯುವುದು ಘಾನಾ ಮತ್ತು ಐವರಿ ಕೋಸ್ಟ್ ಎರಡೇ ದೇಶಗಳಲ್ಲಿ. ಚಾಕೊಲೇಟಿನ ಲಾಭದ ಬಹುಪಾಲು ಸೇರುವುದು ಯೂರೋಪು, ಅಮೆರಿಕಗಳಲ್ಲಿ. ಇದಕ್ಕೆ ಹೊರತಾದ ಒಂದು ಸಂಗತಿಯನ್ನು ನಮ್ಮ ಚರಿತ್ರೆಯಿಂದಲೇ ಕೊಡುತ್ತೇನೆ. ಮೊದಲ ಮಹಾಯುದ್ಧದವರೆಗೆ ಮೈಸೂರಿನ ಶ್ರೀಗಂಧದ ಕೊರಡುಗಳು ಹಡಗು ಹತ್ತಿ ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಯುದ್ಧದಿಂದ ಆ ವ್ಯಾಪಾರ ನಿಂತಾಗ ಮೈಸೂರು ಸರ್ಕಾರ 1916ರಲ್ಲಿ ಬೆಂಗಳೂರಿನಲ್ಲಿ, ಅನಂತರ ಮೈಸೂರಿನಲ್ಲಿ, ಎಣ್ಣೆ ತೆಗೆಯುವ ಕಾರ್ಖಾನೆಯನ್ನು ತಾನೇ ಕಟ್ಟಿತು. ಆಗ ನಮ್ಮಲ್ಲಿ ಓದಿದ ರಸಾಯನ ವಿಜ್ಞಾನಿಗಳಿದ್ದರು, ನಿರ್ಧಾರ ಮಾಡಬಲ್ಲ ಸರ್ಕಾರವಿತ್ತು, ಕೊರಡು ಸರ್ಕಾರದ ಸ್ವತ್ತಾಗಿತ್ತು. 1960ರಲ್ಲಿ ಸ್ವತಂತ್ರವಾದ ಬೆಲ್ಜಿಯನ್ ಕಾಂಗೋದಲ್ಲಿ ಈ ಯಾವುದೂ ಇರಲಿಲ್ಲ. ಅಷ್ಟು ದೊಡ್ಡ ದೇಶದಲ್ಲಿ ವಿಶ್ವವಿದ್ಯಾನಿಲಯದ ಪದವಿ ಪಡೆದ ಕಾಂಗೋ ಜನರನ್ನು ಬೆರಳೆಣಿಕೆಯಲ್ಲಿ ಹೇಳಬಹುದಾಗಿತ್ತು. ಸ್ವಾತಂತ್ರ್ಯ ಬಂದ ಎರಡು ವಾರದೊಳಗೆ ತಾಮ್ರದ ಗಣಿಗಳ ಕಟಾಂಗ ಪ್ರಾಂತ್ಯ ಬೆಲ್ಜಿಯಂನ ಬೆಂಬಲದಿಂದ ಬೇರೆಯಾಯಿತು. ಏಳು ತಿಂಗಳು ತುಂಬುವ ಮೊದಲೇ ದೇಶದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಕೊಲೆಯಾದರು.

ಗಡಿಗಳ ವಿಚಾರ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. ಭಾರತವನ್ನು ಅದಕ್ಕೆ ಮೊದಲು ನೋಡಿಯೇ ಇರದಿದ್ದ ಬ್ರಿಟಿಷ್ ವಕೀಲ ರ‍್ಯಾಡ್‌ಕ್ಲಿಫ್ ಕೆಲವೇ ವಾರಗಳಲ್ಲಿ ಪಂಜಾಬು, ಬಂಗಾಳಗಳನ್ನು ಸೀಳಿದ ಗೆರೆ ನಮ್ಮ ಕಡೆಯದು. 1884-85ರ ಬರ್ಲಿನ್ ಸಮ್ಮೇಳನದ ಸುತ್ತಮುತ್ತ ಎಳೆದ ಗೆರೆಗಳು ಆಫ್ರಿಕದವು. ಆ ಗೆರೆಗಳು ಕೆಟ್ಟವೆಂದು ಗೊತ್ತಿದ್ದೂ 1964ರಲ್ಲಿ ಕೈರೋದಲ್ಲಿ ಸೇರಿದ ಆಫ್ರಿಕದ ನಾಯಕರು ಅವನ್ನೇ ಉಳಿಸಿಕೊಳ್ಳಲು ತೀರ್ಮಾನಿಸಿದರು, ಏಕೆಂದರೆ ಒಂದನ್ನು ಕದಲಿಸಿದರೆ ಎಲ್ಲವೂ ಕದಲುವ ಭಯವಿತ್ತು. ಅದು ವಿವೇಕದ ತೀರ್ಮಾನವೇ ಆಗಿತ್ತೆಂದು ನನ್ನ ಅಭಿಪ್ರಾಯ.

ನೆಲದ ಗಡಿಗಿಂತ ಜನರ ನಡುವೆ ಎಳೆದ ಗಡಿ ಹೆಚ್ಚು ಕಾಲ ನೋಯಿಸುತ್ತದೆ. ರುವಾಂಡದಲ್ಲಿ ಬೆಲ್ಜಿಯಂ ಆಡಳಿತ 1930ರ ದಶಕದಲ್ಲಿ ಪ್ರತಿಯೊಬ್ಬರಿಗೂ ಗುರುತಿನ ಚೀಟಿ ಕೊಟ್ಟು ಅದರಲ್ಲಿ ಹುಟು, ಟುಟ್ಸಿ, ಟ್ವಾ ಎಂದು ನಮೂದಿಸಿತು. ಹಿಂದೆ ಏಳುಬೀಳಿಗೆ, ಕೊಡುಕೊಳ್ಳುವಿಕೆಗೆ ಅವಕಾಶವಿದ್ದ ಗುಂಪುಗಳು ಅಪ್ಪನಿಂದ ಮಗನಿಗೆ ಇಳಿಯುವ ಕಾಯಂ ನಮೂದುಗಳಾದವು. 1962ರಲ್ಲಿ ಸ್ವಾತಂತ್ರ್ಯ ಬಂದಿತು, ಚೀಟಿಯ ನಮೂದು ಹೋಗಲಿಲ್ಲ. ಹೊಸ ಸರ್ಕಾರಕ್ಕೂ ಅದು ಬೇಕಾಗಿತ್ತು. 1994ರಲ್ಲಿ ರಸ್ತೆತಡೆಗಳಲ್ಲಿ ನಿಂತ ಕೊಲೆಗಾರರು ಕೇಳಿದ್ದು ಆ ಚೀಟಿಯನ್ನೇ. ವಿಶ್ವಸಂಸ್ಥೆಯ ಅಂದಾಜಿನಂತೆ ಸತ್ತವರು ಸುಮಾರು 8 ಲಕ್ಷ. ಕೊಂದವರ ಹೊಣೆಯನ್ನು ಬೆಲ್ಜಿಯಂನ ಮೇಲೆ ಹೊರಿಸಿ ಕೈತೊಳೆಯಲಾಗದು, ಹಾಗೆಂದು ಚೀಟಿ ಕೊಟ್ಟವರು ನಿರ್ದೋಷಿಗಳೂ ಅಲ್ಲ. ನಮ್ಮಲ್ಲಿ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಅದು ರದ್ದಾದದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. ಊರಿನಲ್ಲಿ ಕಳವಾದರೆ ಮೊದಲು ಯಾರ ಗುಡಿಸಲಿಗೆ ಪೊಲೀಸರು ಹೋಗುತ್ತಾರೆಂಬುದನ್ನು ಆ ಸಮುದಾಯಗಳ ಹಿರಿಯರನ್ನು ಕೇಳಿ ನೋಡಿ. ಆದರೆ ಜನಗಣತಿಯ ಪಟ್ಟಿಯನ್ನು ನ್ಯಾಯಕ್ಕೂ ಬಳಸಬಹುದೆಂದು ತೋರಿಸಿದ್ದು ಮೈಸೂರೇ. ಸರ್ಕಾರಿ ನೌಕರಿಗಳು ಒಂದೇ ಸಮುದಾಯದ ಕೈಯಲ್ಲಿ ಸೇರಿದ್ದನ್ನು ವಿರೋಧಿಸಿದ ಪ್ರಜಾಮಿತ್ರ ಮಂಡಳಿಯ ಒತ್ತಾಯದ ಮೇಲೆ ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅದರ ಶಿಫಾರಸುಗಳಿಂದ ಹಿಂದುಳಿದವರಿಗೆ ನೌಕರಿಯ ಬಾಗಿಲು ತೆರೆಯಿತು. ನಿಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಮೊದಲ ಗುಮಾಸ್ತ, ಮೊದಲ ಮೇಷ್ಟ್ರು, ಮೊದಲ ಅಮಲ್ದಾರ ಹುಟ್ಟಿಕೊಂಡದ್ದರ ಹಿಂದೆ ಆ ಕ್ರಮವಿದೆ.

ಕಾನೂನು, ಕಚೇರಿಗಳ ವಿಷಯದಲ್ಲಿ ನಾನು ಹೆಚ್ಚು ಕಠಿಣವಾಗಿ ಮಾತಾಡುತ್ತೇನೆ, ಏಕೆಂದರೆ ಇಲ್ಲಿ ಬದಲಿಸುವ ಅಧಿಕಾರ ಪೂರ್ತಿಯಾಗಿ ನಮ್ಮ ಕೈಯಲ್ಲಿಯೇ ಇತ್ತು. 1857ರ ದಂಗೆ ಮತ್ತೆ ಏಳದಂತೆ ಜನರನ್ನು ಹತೋಟಿಯಲ್ಲಿಡಲು ರೂಪಿಸಿದ 1861ರ ಪೊಲೀಸ್ ಕಾಯಿದೆಯ ಅಚ್ಚಿನಲ್ಲಿಯೇ ನಮ್ಮ ಪೊಲೀಸ್ ವ್ಯವಸ್ಥೆ ಬೆಳೆಯಿತು. 1870ರಲ್ಲಿ ಸೇರಿಸಿದ ರಾಜದ್ರೋಹದ ಕಲಮು, ಟಿಳಕರನ್ನೂ ಗಾಂಧಿಯವರನ್ನೂ ಜೈಲಿಗೆ ಕಳಿಸಿದ ಮೇಲೆಯೂ, 2024ರ ಜುಲೈ 1ರವರೆಗೆ ದಂಡ ಸಂಹಿತೆಯಲ್ಲಿ ಉಳಿಯಿತು. ಹೊಸ ನ್ಯಾಯ ಸಂಹಿತೆಯಲ್ಲಿಯೂ ಅದರ ನೆರಳಿನಂತಹ ಕಲಮು ಇದೆ. ರೈತನ ಭೂಮಿಯನ್ನು ಸಾರ್ವಜನಿಕ ಉದ್ದೇಶವೆಂದು ಹೇಳಿ ಕಿತ್ತುಕೊಳ್ಳಲು 1894ರ ಕಾಯಿದೆ 2013ರವರೆಗೆ ಸಾಕಾಯಿತು. 1927ರ ಅರಣ್ಯ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ನಾಗರಹೊಳೆಯ ಜೇನುಕುರುಬರು ತಾವು ಹುಟ್ಟಿದ ಹಾಡಿಯಲ್ಲಿಯೇ ಅತಿಕ್ರಮಣಕಾರರೆನ್ನಿಸಿಕೊಂಡರು, 2006ರ ಅರಣ್ಯ ಹಕ್ಕು ಕಾಯಿದೆ ಬಂದ ಮೇಲೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಇರ್ವಿನ್ ನಾಲೆಗೆ ವಿಶ್ವೇಶ್ವರಯ್ಯನವರ ಹೆಸರಿಟ್ಟೆವು, ಫ್ರೆಂಚ್ ರಾಕ್ಸ್ ಪಾಂಡವಪುರವಾಯಿತು. ಅದರಲ್ಲಿ ತಪ್ಪೇನಿಲ್ಲ. ಆದರೆ ಕಾಯಿದೆಯ ಕಲಮುಗಳನ್ನು ಮುಟ್ಟಲು ಇಷ್ಟು ದಶಕಗಳು ಬೇಕಾದವೆಂದರೆ ಅದರ ಕಾರಣ ಲಂಡನ್ನಿನಲ್ಲಿಲ್ಲ. ಆಳುವವರಿಗೆ, ಅವರು ಯಾವ ಪಕ್ಷದವರಾಗಲಿ, ಆ ಕಲಮುಗಳು ಅನುಕೂಲವಾಗಿದ್ದವು.

ಈಗ ಕೊರಿಯ, ಸಿಂಗಪುರ. ಇವೆರಡನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದ್ದರೂ ಎರಡೂ ಬೇರೆ ಬೇರೆ. ಸಿಂಗಪುರ ಹಡಗುಗಳ ದಾರಿಯಲ್ಲಿದ್ದ ಬಂದರು ಪಟ್ಟಣ. ಅದಕ್ಕೆ ಒಳನಾಡಿನ ಕೋಟ್ಯಂತರ ಬಡ ರೈತರ ಹೊಣೆಯಿರಲಿಲ್ಲ, ಮತ್ತು ವಿಚಾರಣೆಯಿಲ್ಲದೆ ಬಂಧಿಸುವ ವಸಾಹತು ಕಾಲದ ಅಧಿಕಾರವನ್ನು ಅದು ಬಿಟ್ಟುಕೊಡದೆ ಬಳಸಿಕೊಂಡಿತು. ಕೊರಿಯವನ್ನು 1910ರಿಂದ 1945ರವರೆಗೆ ಜಪಾನು ಬಹಳ ಕ್ರೂರವಾಗಿಯೇ ಆಳಿತು. ಆದರೆ ಜಪಾನಿ ಒಡೆಯರ ಭೂಮಿಯನ್ನೂ ಸ್ಥಳೀಯ ಜಮೀನ್ದಾರರ ಭೂಮಿಯನ್ನೂ ದಕ್ಷಿಣ ಕೊರಿಯ 1950ರ ಸುಮಾರಿಗೇ ಗೇಣಿದಾರರಿಗೆ ಹಂಚಿಬಿಟ್ಟಿತು, ಎಂದರೆ ವಸಾಹತು ಕಾಲದ ಅತಿ ದೊಡ್ಡ ಏರ್ಪಾಡನ್ನು ಮೊದಲ ಐದಾರು ವರ್ಷಗಳಲ್ಲಿಯೇ ಬಿಚ್ಚಿತು. ನಮ್ಮ ರಾಜ್ಯದಲ್ಲಿ ಗೇಣಿದಾರ ಭೂಮಿಯ ಒಡೆಯನಾಗಲು ದೇವರಾಜ ಅರಸರ 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಆಫ್ರಿಕದಿಂದಲೂ ಒಂದು ಉದಾಹರಣೆ ಕೊಡಬಲ್ಲೆ: 1966ರಲ್ಲಿ ಸ್ವತಂತ್ರವಾದ ಬೋಟ್ಸ್ವಾನ ಮರುವರ್ಷ ವಜ್ರ ಸಿಕ್ಕಾಗ ಹಳೆಯ ದರದ ರಾಜಧನಕ್ಕೆ ತೃಪ್ತವಾಗಲಿಲ್ಲ; ಸೆರೆಟ್ಸೆ ಖಾಮಾ ಅವರ ಸರ್ಕಾರ 1970ರ ದಶಕದಲ್ಲಿ ಡಿ ಬಿಯರ್ಸ್ ಕಂಪನಿಯೊಂದಿಗೆ ಮರುಮಾತುಕತೆ ಮಾಡಿ ಅರ್ಧಕ್ಕೆ ಅರ್ಧ ಪಾಲು ಪಡೆಯಿತು. ಹೈಟಿಗೆ ಅಂಥ ಅವಕಾಶವೇ ಸಿಗಲಿಲ್ಲ. ಗುಲಾಮರು ದಂಗೆಯೆದ್ದು 1804ರಲ್ಲಿ ಪಡೆದ ಸ್ವಾತಂತ್ರ್ಯಕ್ಕೆ ಫ್ರಾನ್ಸು 1825ರಲ್ಲಿ ಯುದ್ಧನೌಕೆಗಳನ್ನು ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು, ಅದನ್ನು 1838ರಲ್ಲಿ 9 ಕೋಟಿಗೆ ಇಳಿಸಿತು. ಆ ಹಣ ಕಟ್ಟಲು ಮಾಡಿದ ಸಾಲಗಳ ಬಾಕಿ 1947ರವರೆಗೂ ಹೈಟಿಯ ಬೊಕ್ಕಸವನ್ನು ಹಿಂಡಿತು.

ಆದ್ದರಿಂದ ಎಲ್ಲಕ್ಕೂ ಬ್ರಿಟಿಷರನ್ನೇ ದೂರುವುದು ಸರಿಯೇ ಎಂದರೆ, ಅಲ್ಲ. ಇಷ್ಟು ವರ್ಷವಾಯಿತು, ಇನ್ನು ಆ ಮಾತೇಕೆ ಎನ್ನುವುದು ಸರಿಯೇ ಎಂದರೆ, ಅದೂ ಅಲ್ಲ. ಮಹಾರಾಜರ ಆಳ್ವಿಕೆಯಿಂದ ವ್ಯತ್ಯಾಸವೇ ಆಗಲಿಲ್ಲವೆಂದು ನಾನು ಹೇಳುತ್ತಿಲ್ಲ. ಅರ್ಥಶಾಸ್ತ್ರಜ್ಞೆ ಲಕ್ಷ್ಮಿ ಅಯ್ಯರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ರಿಟಿಷರು ನೇರವಾಗಿ ಆಳಿದ ಜಿಲ್ಲೆಗಳಲ್ಲಿ ಸ್ವಾತಂತ್ರ್ಯದ ಅನಂತರವೂ ಶಾಲೆ, ಆರೋಗ್ಯ ಕೇಂದ್ರ, ರಸ್ತೆಗಳ ಸೌಲಭ್ಯ ಸಂಸ್ಥಾನಗಳಿಗಿಂತ ಕಡಿಮೆಯಿತ್ತೆಂದು ಕಂಡುಬಂದಿದೆ. 1913ರಲ್ಲಿಯೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಮಾಡಿದ, 1916ರಲ್ಲಿ ನೀವೀಗ ಓದುತ್ತಿರುವ ಊರಿನಲ್ಲಿ ವಿಶ್ವವಿದ್ಯಾನಿಲಯ ತೆರೆದ ಸಂಸ್ಥಾನ ನಮ್ಮದು. ಜನರ ಮೇಲೆ ಹೂಡಿದ ಆ ಬಂಡವಾಳವೂ ಉಳಿದಿದೆ, ನದಿಯ ಮೇಲೆ ಹಾಕಿದ ಸಹಿಯೂ ಉಳಿದಿದೆ.

ಎಂ.ಎ. ಪ್ರಬಂಧಕ್ಕೆ ಇದೇ ವಿಷಯವನ್ನು ಆರಿಸಿಕೊಳ್ಳುವುದಾದರೆ ಆಫ್ರಿಕದಿಂದ ಆರಂಭಿಸಬೇಡಿ. 1881ರಿಂದ ಮೈಸೂರಿನಲ್ಲಿ ನಡೆದ ಪ್ರಜಾಪ್ರತಿನಿಧಿ ಸಭೆಯ ನಡವಳಿಗಳು ಅಚ್ಚಾಗಿವೆ. ತಾಲ್ಲೂಕುಗಳಿಂದ ಬಂದ ಸದಸ್ಯರು ನಾಲೆ, ಕಂದಾಯ, ಕಾಡು, ರೈಲುಗಳ ಬಗ್ಗೆ ಏನೇನು ಕೇಳಿದರು, ದಿವಾನರು ಯಾವುದನ್ನು ತಾವೇ ತೀರ್ಮಾನಿಸಿದರು, ಯಾವುದಕ್ಕೆ ಮೇಲಿನ ಸರ್ಕಾರದ ಒಪ್ಪಿಗೆಗಾಗಿ ಕಾದರು ಎಂಬುದನ್ನು ವರ್ಷವಾರು ಬರೆದುಕೊಳ್ಳಿ. ಅದರ ಪಕ್ಕದಲ್ಲಿ, ಅದೇ ವಿಷಯಗಳ ಬಗ್ಗೆ 1956ರ ಈಚೆಗೆ ವಿಧಾನಸಭೆಯಲ್ಲಿ ನಿಮ್ಮ ಜಿಲ್ಲೆಯ ಶಾಸಕರು ಕೇಳಿದ ಪ್ರಶ್ನೆಗಳನ್ನೂ ಮಂತ್ರಿಗಳು ಕೊಟ್ಟ ಉತ್ತರಗಳನ್ನೂ ಇಟ್ಟು ನೋಡಿ.